ಐವರು ಯಜಮಾನರ ಮಷೀನು

ಹೊಳೆವ್ವನ ಒಂದೆಕರೆ ಕಬ್ಬಿನ ಕಟಾವಿನ ಪಾಳಿ ಬರುವ ಸೋಮವಾರಕ್ಕಿತ್ತು. ಹದಿನಾರು ತಿಂಗಳ ಕಬ್ಬು, ಹೂ ಬಿಟ್ಟು ಒಳಗೆ ಬೆಂಡಾಗತೊಡಗಿತ್ತು. ಇನ್ನು ತಡವಾದರೆ ಅದು ಉರುವಲಿಗಷ್ಟೇ.

ಶಿರಗುಪ್ಪಿ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಕಟಾವಿನ ಪಾಳಿಗಳೆಲ್ಲ ತೊಂಬತ್ತನಾಲ್ಕನೇ ಇಸವಿಯಿಂದ ಕಂಪ್ಯೂಟರಿನಲ್ಲಿದ್ದವು. ಅದನ್ನು ನಡೆಸುವವನು ನಾನು. ಪಾಳಿ ನೋಡಲು ಯಾರಿಗೂ ಅಡ್ಡಿಯಿಲ್ಲ. ತಿದ್ದಲು, ಅಳಿಸಲು ಮಾತ್ರ ರೂಟ್ ಎಂಬ ಯಜಮಾನನ ಪರವಾನಗಿ ಬೇಕು. ರೂಟ್ ಏನು ಹೇಳಿದರೂ ಮಷೀನು ಯಾಕೆ ಅಂತ ಕೇಳುವುದಿಲ್ಲ. ಅದಕ್ಕೇ ಅದು ನನ್ನೊಬ್ಬನ ಬಳಿ ಇರಲಿ ಅಂತ ಬಡಕೊಂಡೆ.

ಕೇಳುವವರು ಯಾರು? ಮದುವೆಯಲ್ಲಿ ಬೀಗರಿಗೆ ರೇಷ್ಮೆ ರುಮಾಲು, ತಮಗೆ ಹತ್ತಿಯದು ಸುತ್ತಿದರೆ ಊಟ ಬಿಟ್ಟೇಳುವ ಮಂದಿ ನಮ್ಮ ಕಾರ್ಖಾನೆಯ ಆಡಳಿತ ಮಂಡಳಿಯವರು. ಚೇರ್ಮನ್ನರು ಹಟ ಮಾಡಿ ರೂಟ್ ಪಡೆದರು. ತಮಗೆ ಬರೀ ನೋಡುವುದೇ ಅಂತ ಡೈರೆಕ್ಟರ್ ರಾವಸಾಹೇಬರು ಎರಡು ಮೀಟಿಂಗಿಗೆ ಬರಲಿಲ್ಲ. ಅವರಿಗೂ ಕೊಟ್ಟೆ. ಮಿಕ್ಕ ಮೂವರು ಡೈರೆಕ್ಟರರು ಮುಖ ಊದಿಸಿಕೊಂಡರು. ಕೊಟ್ಟೆ. ಐವರು ಯಜಮಾನರು, ಒಬ್ಬರೂ ಕೀಲಿಮಣೆ ಮುಟ್ಟಿದವರಲ್ಲ.

ಗುರುವಾರ ರಾವಸಾಹೇಬರು ತಮ್ಮ ದರ್ಜೆ ತೋರಿಸಲು ಅಳಿಯ ಭಾವುಸಾಹೇಬನನ್ನು ಕರೆತಂದರು. ನಿಪ್ಪಾಣಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕ್ಲಾಸು ಮುಗಿಸಿದ ಮಹಾಪಂಡಿತ. ನಾನು ಚಹಾ ಕುಡಿದು ಬರುವಷ್ಟರಲ್ಲಿ, ಹಳೆಯ ಕಸ ತೆಗೆಯುತ್ತೇನೆಂದು ಮಾವನ ಹೆಸರಲ್ಲಿ ಪಾಳಿಯ ಪಟ್ಟಿಯನ್ನೇ ಅಳಿಸಿದ್ದ. ಟೇಪಿನಲ್ಲಿಟ್ಟ ಪ್ರತಿಯೂ ಕೆಟ್ಟಿತ್ತು. ಮಂಗನ ಕೈಗೆ ಮಾಣಿಕ್ಯ ಕೊಟ್ಟವನು ನಾನೇ, ಯಾರನ್ನು ಬಯ್ಯಲಿ!

ಶುಕ್ರವಾರ ಮೀಟಿಂಗು ಕೂಡಿ ನೆನಪಿನಿಂದ ಪಾಳಿ ಬರೆಸಿದರು. ಐವರಿಗೂ ತಂತಮ್ಮ ಕಬ್ಬು ಚೆನ್ನಾಗಿ ನೆನಪಿತ್ತು. ಹೊಳೆವ್ವ ಮುನ್ನೂರನೇ ಪಾಳಿಯ ಆಚೆ ಹೋದಳು. ಇಷ್ಟು ಜನ ಯಜಮಾನರಾದರೆ ಹೀಗೇ ಆಗುವುದೆಂದು ಠರಾವು ಮಾಡಿ, ಒಬ್ಬರ ಪರವಾನಗಿ ತೆಗೆದುಹಾಕಿದರು. ನನ್ನದು.

ಮರುದಿನ ಹೊಳೆವ್ವ ಬಂದು ಮಷೀನಿನ ಮುಂದೆ ನಿಂತಳು.

"ಮೂವತ್ತೇಳನೇ ಪಾಳಿ ಅಂತ ನೀನ ಹೇಳಿದ್ದಿ, ತಮ್ಮಾ. ತಿರುಗಿ ಹಾಕು."

ಆಗದೆಂದು ಗೊತ್ತಿದ್ದೂ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು. ಏನೆಂದು ಕೇಳಿದಳು.

"ನನಗ ಅಧಿಕಾರ ಇಲ್ಲ ಅಂತೈತಿ ಬೇ."

"ಯಾರಿಗೈತಿ, ಅವರ ಮನಿ ತೋರಿಸು. ಪಾಳಿ ಕೊಡೂತನಕ ಅಲ್ಲೇ ಕುಂಡರ್ತೀನಿ."

ತೋರಿಸಿದೆ. ರಾವಸಾಹೇಬರ ಕಟ್ಟೆಯ ಮೇಲೆ ಅವಳು ಸೆರಗು ಹೊದ್ದು ಕೂತಳು. ಒಳಗಿನಿಂದ ರಾವಸಾಹೇಬರು ನನ್ನನ್ನೇ ನೋಡುತ್ತಿದ್ದರು. ನೌಕರಿ ಉಳಿಯಬೇಕಿದ್ದರೆ ನಾನು ತಿರುಗಿ ಹೋಗಬೇಕಿತ್ತು. ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ.