ಬುಡಕ್ಕೆ ಸುರಿದ ಹಳೇ ನೀರು

ನಾನು ಒಂದು ರಬ್ಬರ್ ಗಿಡ. ಕುಂಡದಲ್ಲಿ ಬೆಳೆದದ್ದು, ಮನೆಯೊಳಗೆ ಇರುವಂಥದ್ದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟಿದೆ. ಗಿಡಗಳು ಶಾಂತ ಸ್ವಭಾವದವು, ಏನು ಮಾಡಿದರೂ ಸಹಿಸಿಕೊಳ್ಳುತ್ತವೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದು ಶುದ್ಧ ಸುಳ್ಳು.

ನಾನು ಹುಟ್ಟಿದ್ದು ದಸ್ತಗೀರಸಾಬರ ಚಾಕುವಿನಿಂದ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ನರ್ಸರಿ. ತಾಯಿಗಿಡದ ತುದಿಯನ್ನು ಕತ್ತರಿಸಿ, ಸೋರುತ್ತಿದ್ದ ಹಾಲನ್ನು ಒರೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನನ್ನನ್ನು ಊರಿದರು. ದಿನಾ ಬೆಳಿಗ್ಗೆ ಸಾಲು ಹಿಡಿದು ಬರುತ್ತ ಒಂದೊಂದು ಕುಂಡಕ್ಕೂ ತೋರುಬೆರಳು ಚುಚ್ಚಿ ನೋಡುತ್ತಿದ್ದರು. ಎಷ್ಟೋ ಸಲ ಪಕ್ಕದವರಿಗೆ ನೀರು ಹಾಕಿ ನನ್ನನ್ನು ದಾಟಿ ಹೋಗುತ್ತಿದ್ದರು. ಮುದುಕ ಭೇದ ಮಾಡುತ್ತಾನೆ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ಆ ಬೆರಳಿನ ಬೆಲೆ ತಿಳಿಯಲು ಒಂದು ಒಳ್ಳೆಯ ಮನೆ ಸೇರಬೇಕಾಯಿತು.

ನನ್ನನ್ನು ಕೊಂಡವಳು ಕಸ್ತೂರಿ. ಕೊಡುವಾಗ ಸಾಬರು ಅವಳಿಗೆ ಬಿಡಿಸಿ ಹೇಳಿದರು.

"ಅಕ್ಕಾರ, ವಾರಾ ತಾರೀಖು ನೋಡಿ ನೀರ ಹಾಕಬ್ಯಾಡ್ರಿ. ಬೆರಳ ಹಾಕ್ರಿ. ಬೆರಳಿನ ಎರಡ ಗೆರಿ ತನಕಾ ಮಣ್ಣ ಒಣಗಿದ್ರ ನೀರ ಹಾಕ್ರಿ, ಹಸಿ ಇದ್ರ ಬಿಡ್ರಿ. ಬ್ಯಾಸಿಗ್ಯಾಗ ವಾರದಾಗ ಎರಡ ಸಲ ಕೇಳತೈತಿ. ಮಳಿಗಾಲದಾಗ ಕಮ್ಮಿ. ಥಂಡ್ಯಾಗಂತೂ ಹದಿನೈದ ದಿನಾ ಮರತ್ರೂ ನಡೀತೈತಿ. ಬುಡದಾಗ ಮಾತ್ರ ನೀರ ನಿಲ್ಲಬಾರದು."

ಆಗ ಅವಳ ಮೊದಲ ಬಸಿರು ಮೂರನೇ ತಿಂಗಳಿಗೆ ಇಳಿದುಹೋಗಿ ಇನ್ನೂ ನಲವತ್ತು ದಿನವಾಗಿರಲಿಲ್ಲ. ಅದನ್ನು ಅವಳು ಸಾಬರಿಗೆ ಹೇಳಲಿಲ್ಲ. ಆಟೋದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗ ನನಗೆ ಹೇಳಿದಳು. "ಮನ್ಯಾಗ ಏನರ ಒಂದು ಬೆಳೀಲಿ ಅನಸ್ತು," ಅಂದಳು.

ಆ ಊರಿನಲ್ಲಿ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ನೀರು ಬಂದ ದಿನ ಕಸ್ತೂರಿಯ ಮಾವ ಚನ್ನವೀರಪ್ಪನವರಿಗೆ ಹಬ್ಬ. ಧೋತರ ಮೇಲೆ ಕಟ್ಟಿಕೊಂಡು ಕೊಡ, ಹಂಡೆ, ಡ್ರಮ್ಮುಗಳಲ್ಲಿ ಉಳಿದ ನೀರನ್ನೆಲ್ಲ ಖಾಲಿ ಮಾಡಿ ಹೊಸ ನೀರು ತುಂಬಿಸುವರು. ಹಳೇ ನೀರು ಮನೆಯಲ್ಲಿರಬಾರದು. ಹಾಗೆಂದು ಅದನ್ನು ಮೋರಿಗೂ ಚೆಲ್ಲಬಾರದು, ಪಾಪ ಬರುತ್ತದೆ. ಗಿಡಕ್ಕೆ ಹಾಕಬೇಕು. ಆ ಮನೆಯಲ್ಲಿದ್ದ ಗಿಡ ನಾನೊಂದೇ!

ಪಡಸಾಲೆಯ ಫರಸಿ ನೆಲ ಹಾಳಾಗಬಾರದೆಂದು ನನ್ನ ಕುಂಡವನ್ನು ಆಳದ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟಿದ್ದರು. ಸುರಿದ ನೀರೆಲ್ಲ ಅಲ್ಲೇ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನಳ ಹನ್ನೆರಡು ದಿನ ಬಾರದಿದ್ದಾಗ ನನ್ನ ಮಣ್ಣು ಬಿರಿದು ಕುಂಡದ ಅಂಚು ಬಿಟ್ಟಿತು. ಒಂದು ತಂಬಿಗೆ ನೀರು ಬೇಕಿತ್ತು, ಯಾರೂ ಕೊಡಲಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನಕ್ಕೇ ನಳ ಬಂತು, ನನಗೆ ಕೊಡಗಟ್ಟಲೆ ನೀರು. ಚಳಿಗಾಲದಲ್ಲೂ ಅಷ್ಟೇ. ನನ್ನ ಬಾಯಾರಿಕೆಗೂ ಅವರ ನಳಕ್ಕೂ ಏನು ಸಂಬಂಧ ಹೇಳಿ!

"ಮಾವಾರ, ಇನ್ನೂ ಹಸಿ ಐತ್ರಿ. ಬೆರಳ ಹಾಕಿ ನೋಡ್ರಿ," ಎಂದು ಕಸ್ತೂರಿ ಎರಡು ಮೂರು ಸಲ ಹೇಳಿದಳು.

"ಇರ್ಲಿ ಬಿಡವಾ, ಅದಕ್ಕೂ ಜೀವಾ ಐತಿ," ಎನ್ನುತ್ತ ಅವರು ಇನ್ನೊಂದು ಕೊಡ ಬಗ್ಗಿಸಿದರು. ನನ್ನ ಕೆಳಗಿನ ಎಲೆ ಹಳದಿಯಾಯಿತು. ಬಾಯಾರಿದೆ ಎಂದು ತಿಳಿದು ಮತ್ತೂ ಒಂದು ಕೊಡ. ಪುಣ್ಯಾತ್ಮರಿಗೆ ನನ್ನ ಮೇಲೆ ಪ್ರೀತಿಯೇನೋ ಇತ್ತು. ಆ ಪ್ರೀತಿಗೆ ಬೆಂಕಿ ಬೀಳಲಿ.

ಒಂದು ಸಂಜೆ ನೆಂಟರು ಬಂದಿದ್ದರು. ಅವರ ಎದುರಿಗೇ ನನ್ನ ಮೂರು ಎಲೆಗಳು ಒಂದರ ಹಿಂದೊಂದು ಉದುರಿದವು. ಚನ್ನವೀರಪ್ಪನವರು ಚಹಾ ಹೀರುತ್ತ ನಕ್ಕರು. "ನಾವಂತೂ ಕೊಡಗಟ್ಲೆ ನೀರ ಹಾಕ್ತೀವ್ರಿ. ತಂದಾಕಿ ಕೈಗುಣಾ ಛಲೋ ಇಲ್ಲ, ಏನ ಮಾಡೂದು? ಆಕಿ ಕೈಯಾಗ ಏನೂ ನಿಲ್ಲಂಗಿಲ್ಲ."

ನೆಂಟರು ನಕ್ಕರು. ಕಸ್ತೂರಿಯ ಗಂಡ ಉಳವೀಶನೂ ನಕ್ಕ. ಅವಳು ಬಿಸ್ಕೀಟಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೊಲ್ಲುತ್ತಿದ್ದವರು ಅವರು, ಹೆಸರು ಕೆಟ್ಟದ್ದು ಅವಳದು.

ಆಮೇಲೆ ಅವಳು ಗಂಡನನ್ನು ಕೇಳಿದಳು, "ಖರೇನ ನನ್ನ ಕೈಗುಣಾ ಹಂಗೈತೇನ್ರಿ?"

"ಅಪ್ಪಾ ಚಾಷ್ಟಿಗೆ ಅಂದಾರ. ಮನಸಿಗೆ ಹಚ್ಚಿಕೋಬ್ಯಾಡ," ಅಂದ ಅವನು. ಇಲ್ಲ ಎಂದು ಮಾತ್ರ ಹೇಳಲಿಲ್ಲ. ಅವಳು ಅದನ್ನು ನಂಬಿಬಿಟ್ಟಳು. ಅಂದಿನಿಂದ ನನ್ನ ಮಣ್ಣಿಗೆ ಬೆರಳು ಹಾಕುವುದನ್ನೂ ಬಿಟ್ಟಳು.

ಪುಷ್ಯದ ಚಳಿ ಮುಗಿಯುವ ಹೊತ್ತಿಗೆ ನಾನು ಒಂದು ಕಡೆ ವಾಲಿದ್ದೆ. ಕಸದ ಗಾಡಿ ಬಂದಾಗ ಕೊಟ್ಟುಬಿಡು ಎಂದು ಮಾವನವರ ಅಪ್ಪಣೆಯಾಯಿತು. ಕಸ್ತೂರಿ ನನ್ನನ್ನು ಹಿತ್ತಲಿಗೆ ಒಯ್ದು ಕಾಂಡ ಹಿಡಿದು ಎಳೆದಳು. ನಾನು ಸಲೀಸಾಗಿ ಕೈಗೆ ಬಂದೆ. ಬೇರುಗಳು ಕಪ್ಪಗೆ ಲೋಳೆಯಾಗಿದ್ದವು, ಗಟಾರದ ನಾತ ಹೊಡೆಯುತ್ತಿತ್ತು. ಅವಳು ಒಂದು ಬೇರನ್ನು ಹಿಸುಕಿ ಮೂಸಿದಳು. ಆಮೇಲೆ ನನ್ನನ್ನು ಎತ್ತಿಕೊಂಡು ನೆಟ್ಟಗೆ ಪಡಸಾಲೆಗೆ ನಡೆದು, ಮಾವ ಓದುತ್ತಿದ್ದ ಪೇಪರಿನ ಮೇಲೆ ಧೊಪ್ಪೆಂದು ಹಾಕಿದಳು.

"ಮೂಸಿ ನೋಡ್ರಿ ಮಾವಾರ. ಇದು ನನ್ನ ಕೈಗುಣಾ ಅಲ್ರಿ, ನಿಮ್ಮ ಹಳೇ ನೀರು."

ಚನ್ನವೀರಪ್ಪನವರು ಮೂಗು ಮುಚ್ಚಿಕೊಂಡರು. "ಒಂದ ಗಿಡಕ್ಕ ಇಷ್ಟ ಯಾಕ ಸಿಟ್ಟಾಗ್ತೀಯವಾ?"

"ಗಿಡಕ್ಕಲ್ರಿ," ಅಂದಳು ಕಸ್ತೂರಿ.

ತಪ್ಪಾಯಿತು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಕೊಳೆತ ಭಾಗವನ್ನು ಕತ್ತರಿಸಿ, ಹಸಿರಿದ್ದ ತುದಿಯನ್ನು ಅವಳೇ ಊರಿ ನನ್ನನ್ನು ಬದುಕಿಸಿದಳು. ಈಗ ನಾನು ಅವಳು ನಡೆಸುವ ಹೊಲಿಗೆ ಕ್ಲಾಸಿನ ಕಿಟಕಿಯ ಹತ್ತಿರ ಇದ್ದೇನೆ. ಏಳು ವರ್ಷವಾಯಿತು. ಬೆರಳು ಹಾಕಿ ನೋಡಿಯೇ ನೀರು ಹಾಕುತ್ತಾಳೆ, ಹೆಚ್ಚಾದದ್ದನ್ನು ಬಸಿದು ಚೆಲ್ಲುತ್ತಾಳೆ. ಚಳಿಗಾಲದಲ್ಲಿ ಎಷ್ಟೋ ದಿನ ಬರೀ ಎಲೆಯ ಧೂಳು ಒರೆಸಿ ಹೋಗುತ್ತಾಳೆ. ನನ್ನ ತುದಿ ಕಿಟಕಿಯ ಮೇಲಿನ ಸರಳು ಮುಟ್ಟಿದೆ. ಬುಡ ಬೋಳಾಗಿದೆ, ವಯಸ್ಸಾಯಿತಲ್ಲ.

ಹೋದ ವಾರ ಅವಳ ಹಳೆಯ ವಿದ್ಯಾರ್ಥಿನಿ ಮಹಾದೇವಿ ಮೂರು ತಿಂಗಳ ಕೂಸನ್ನು ತೋರಿಸಲು ಬಂದಿದ್ದಳು.

"ಅಕ್ಕಾರ, ಎತ್ಕೋರಿ," ಎಂದು ಕೂಸನ್ನು ಮುಂದೆ ಚಾಚಿದಳು.

ಕಸ್ತೂರಿಯ ಎರಡೂ ಕೈ ಬೆನ್ನ ಹಿಂದೆ ಸರಿದವು. "ಬ್ಯಾಡವಾ, ಕೈಗೆ ಮಶಿನ್ ಎಣ್ಣಿ ಹತ್ತೇತಿ," ಅಂದಳು.

ಅವಳು ಅಂದು ಮಶಿನ್ ಮುಟ್ಟಿರಲೇ ಇಲ್ಲ. ಬೆಳಿಗ್ಗೆಯಿಂದ ನಾನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೇನೆ. ಆ ಕೈ ಬದುಕಿಸಿದ ಜೀವ ನಾನು, ಅವಳಿಂದ ಎರಡು ಮಾರು ದೂರದಲ್ಲಿ ಕಿಟಕಿಯ ತುದಿಯ ತನಕ ಬೆಳೆದು ನಿಂತಿದ್ದೇನೆ. ಆದರೂ ಅವಳು ನಂಬಿದ್ದು ಚಹಾ ಕುಡಿಯುತ್ತ ಆಡಿದ ಆ ಒಂದು ಮಾತನ್ನು. ಆಡಿದವರಿಗೆ ಅದು ನೆನಪೂ ಇರಲಿಕ್ಕಿಲ್ಲ.