ವೇಣಿಯ ಅಗಲ ಸ್ಕೀ

ನನ್ನ ಹೆಂಡತಿ ಕೃಷ್ಣವೇಣಿಗೆ ಹಿಮದ ಮೇಲೆ ಜಾರುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ನಾವಿರುವ ಟೆಕ್ಸಾಸಿನ ಪ್ಲೇನೋದಲ್ಲಿ ಗುಡ್ಡ ಅಂತ ಏನಾದರೂ ಇದ್ದರೆ ಅದು ಫ್ರೀವೇಯ ಫ್ಲೈಓವರ್ ಮಾತ್ರ. ಹಾಗಾಗಿ ಪ್ರತಿ ಡಿಸೆಂಬರ್‌ನಲ್ಲಿ ಹನ್ನೆರಡು ಗಂಟೆ ಡ್ರೈವ್ ಮಾಡಿ ನ್ಯೂ ಮೆಕ್ಸಿಕೋಗೆ ಹೋಗುತ್ತೇವೆ. ಅವಳು ಮೇಲಿಂದ ಇಳಿಯುತ್ತಾಳೆ, ನಾನು ಕೆಳಗೆ ಕಾಫಿ ಹಿಡಿದು ನೋಡುತ್ತೇನೆ. ಎದೆ ಉಬ್ಬುತ್ತದೆ, ಜೊತೆಗೆ ಹೆದರಿಕೆಯೂ ಆಗುತ್ತದೆ.

೨೦೧೪ರಲ್ಲಿ ಅವಳಿಗೆ ಆಗಷ್ಟೇ ಬಿದ್ದ ಆಳದ ಹಿಮದಲ್ಲಿ ಇಳಿಯಬೇಕೆನ್ನಿಸಿತು. ಅದಕ್ಕೆ ಕಾಲಿಗೆ ಕಟ್ಟುವ ಜಾರುಹಲಗೆ, ಸ್ಕೀ, ಅಗಲದ್ದೇ ಬೇಕಂತೆ, ಸಪೂರದ್ದು ಹೂತುಹೋಗುತ್ತದೆ. ಡಲ್ಲಾಸಿನ ಅಂಗಡಿಯವನು ಪ್ರತಿ ಮಾತನ್ನೂ ನನ್ನ ಮುಖ ನೋಡಿಯೇ ಹೇಳುತ್ತಿದ್ದ. ವೇಣಿ ಅವನ ಕೈಯಿಂದ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಇಸಿದುಕೊಂಡು ನೋಡಿದಳು.

“ಸ್ಕೀ ನಡು ನೂರ ಹನ್ನೆರಡು ಮಿಲಿಮೀಟರ್ ಇದೆ, ಈ ಬ್ರೇಕ್ ಬರೀ ನೂರು. ಕೂರೋದೇ ಇಲ್ಲ. ನೂರ ಹದಿನೈದರದ್ದು ಕೊಡಿ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಅವನು ನನ್ನ ಕಡೆ ತಿರುಗಲೇ ಇಲ್ಲ.

ಬ್ರೇಕ್ ಯಾಕೆಂದು ಕೇಳಿದೆ. ಸ್ಕೀ ಕಾಲಿಂದ ಕಳಚಿದರೆ ಗುಡ್ಡದ ಕೆಳಗೆ ಓಡಿಹೋಗದಿರಲಿ ಅಂತ, ಎಂದಳು. ಕಳಚುವುದಂತೆ! ನನಗೆ ಅಲ್ಲಿಂದಲೇ ಪುಕುಪುಕು ಶುರುವಾಯಿತು.

ಜೋಡಿಸುವ ಕೆಲಸವನ್ನು ಅಂಗಡಿಗೆ ಬಿಡಲಿಲ್ಲ. ಮೈಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ, ಅಚ್ಚು ಉಪಕರಣ ತಯಾರಿಸುತ್ತ, ಆರು ವರ್ಷ ದುಡಿದವಳು ಅವಳು. ಇಲ್ಲಿಗೆ ಬಂದ ಮೇಲೆ ವೀಸಾ ಕೆಲಸಕ್ಕೆ ಬಿಡದೆ ಒಂಬತ್ತು ವರ್ಷ ಸುಮ್ಮನೆ ಕೂತಿದ್ದಳು. ಗರಾಜಿನಲ್ಲಿ ಸ್ಕೀ ಮೇಲೆ ಅಳತೆಯ ಕಾಗದ ಅಂಟಿಸಿ, ಡ್ರಿಲ್ಲಿನ ಮೊನೆಗೆ ಒಂಬತ್ತು ಮಿಲಿಮೀಟರಿಗೆ ಸರಿಯಾಗಿ ಟೇಪ್ ಸುತ್ತಿದಳು. ಅದಕ್ಕಿಂತ ಆಳಕ್ಕೆ ಹೋದರೆ ಸ್ಕೀ ತಳ ತೂತಾಗಿ ಎಲ್ಲ ಕೆಡುತ್ತದಂತೆ. ಒಂದೊಂದು ತೂತಿಗೂ ನಾನು ಉಸಿರು ಬಿಗಿಹಿಡಿದೆ. ಅವಳು ಪ್ರತಿ ತೂತನ್ನೂ ಟೇಪಿನ ಅಂಚಿಗೆ ಸರಿಯಾಗಿ ನಿಲ್ಲಿಸಿದಳು.

ಕೊನೆಗೆ ತನ್ನ ತೂಕ, ಎತ್ತರ, ಬೂಟಿನ ಉದ್ದ ಪಟ್ಟಿಯಲ್ಲಿ ನೋಡಿ, ಬೈಂಡಿಂಗಿನ ಬಿಗಿಯನ್ನು ಆರಕ್ಕೆ ನಿಲ್ಲಿಸಿ, ಪ್ರಯಾಣಕ್ಕೆ ಪುಳಿಯೋಗರೆ ಕಲಸಲು ಒಳಗೆ ಹೋದಳು.

ನಾನು ಊರಿಗೆ ಹೊರಟಾಗ ಬೀಗ ಹಾಕಿದ ಸೂಟ್‌ಕೇಸಿಗೂ ನೈಲಾನ್ ಹಗ್ಗ ಬಿಗಿಯುವವನು. ಹನ್ನೆರಡರವರೆಗೆ ಅಂಕಿ ಇರುವಾಗ ಆರೇ ಯಾಕೆ? ಭದ್ರವಾಗಿರಲಿ ಅಂತ ಸ್ಕ್ರೂಡ್ರೈವರ್ ತೆಗೆದುಕೊಂಡು, ಎರಡೂ ಸ್ಕೀಯ ಮುಂದಿನ ಹಿಂದಿನ ತಿರುಪು ನಾಲ್ಕನ್ನೂ ಒಂಬತ್ತಕ್ಕೆ ತಿರುಗಿಸಿದೆ. ಅವಳಿಗೆ ಹೇಳಲಿಲ್ಲ.

ನ್ಯೂ ಮೆಕ್ಸಿಕೋದಲ್ಲಿ ವೇಣಿ ಲಿಫ್ಟ್ ಹತ್ತಿ ಮೇಲೆ ಹೋದಳು. ಜೊತೆಗೆ ಬಂದು ಆಗಷ್ಟೇ ಒಂದು ಸುತ್ತು ಇಳಿದು ನಿಂತಿದ್ದ ನಮ್ಮ ಪಕ್ಕದೂರು ಇರ್ವಿಂಗಿನ ಗೆಳೆಯ, ಬೆಳಗಾವಿಯ ಅಣ್ಣಾಸಾಹೇಬನ ಹತ್ತಿರ ನಾನೇ ಒಂಬತ್ತಕ್ಕೆ ಬಿಗಿಸಿದ್ದೇನೆ, ಸ್ಕೀ ಎಷ್ಟು ಭದ್ರವಾಗಿದೆ ನೋಡು ಎಂದು ಜಂಬ ಕೊಚ್ಚಿದೆ.

ಅವನ ಮುಖ ಇಳಿಯಿತು. “ಏನ್ ಮಾಡೀರಿ ಮಾರಾಯ್ರ! ಬಿದ್ದಾಗ ಅದು ಬಿಚ್ಚಲೇಬೇಕ್ರಿ. ಬಿಚ್ಚಲಿಲ್ಲಂದ್ರ ಸ್ಕೀ ತಿರುಗಿದಂಗ ಮೊಣಕಾಲೂ ತಿರುಗತೈತಿ.”

ಕಾಫಿ ಕೈಯಲ್ಲೇ ತಣ್ಣಗಾಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಮೇಲೆ ಅವಳ ಕೆಂಪು ಜಾಕೆಟ್ ಕಾಣಿಸಿತು. ಹಿಮ ಮಂಡಿಯವರೆಗೆ ಹಾರುತ್ತಿತ್ತು. ಅಷ್ಟು ಚೆನ್ನಾಗಿ ಅವಳು ಎಂದೂ ಇಳಿದಿರಲಿಲ್ಲ. ಅರ್ಧಕ್ಕೆ ಬಂದವಳು ಮುಗ್ಗರಿಸಿ ಪಲ್ಟಿ ಹೊಡೆದು ಬಿದ್ದಳು. ನನ್ನ ಜೀವ ಬಾಯಿಗೆ ಬಂತು.

ಎರಡೂ ಸ್ಕೀ ಟಪಕ್ಕನೆ ಕಳಚಿ ದೂರ ಬಿದ್ದವು. ವೇಣಿ ಎದ್ದು ಕೂತು ಹಿಮ ಕೊಡವಿಕೊಂಡು, ಸ್ಕೀ ಹಾಕಿಕೊಂಡು ನಗುತ್ತ ನಮ್ಮ ಮುಂದೆ ಬಂದು ನಿಂತಳು.

“ವೇಣಿ, ಅದನ್ನ ನಾನು...” ಬೈಂಡಿಂಗಿನ ಕಡೆ ಕೈ ತೋರಿಸಿದೆ.

“ಗೊತ್ತು ರೀ. ನಾಲ್ಕೂ ಒಂಬತ್ತಕ್ಕಿತ್ತು. ಕಾರಿಗೆ ಹಾಕೋ ಮುಂಚೆ ಆರಕ್ಕೆ ಇಳಿಸ್ದೆ.”

“ನನ್ನ ಮೇಲೆ ಅನುಮಾನ ಬಂತಾ?”

“ನಿಮ್ಮ ಮೇಲಲ್ಲ. ನಾನೇ ಮಾಡಿದ್ದನ್ನೂ ಎರಡನೇ ಸಲ ಅಳೀದೆ ಯಾವತ್ತೂ ಹೊರಗೆ ಕಳಿಸಿಲ್ಲ ನಾನು.”

ಅಣ್ಣಾಸಾಹೇಬ ತನ್ನ ಸ್ಕೀಗಳನ್ನು ಬಿಚ್ಚಿ ಅವಳ ಕಾಲ ಬಳಿ ಇಟ್ಟ. “ವೈನಿ, ನಮ್ದೂ ಒಮ್ಮೆ ನೋಡ್ರಿ.”

ಇಲ್ಲಿಗೆ ಬಂದ ಒಂಬತ್ತು ವರ್ಷದಲ್ಲಿ ಅವಳ ಕೈಕೆಲಸವನ್ನು ಯಾರೋ ಕೇಳಿ ಪಡೆದದ್ದು ಅದೇ ಮೊದಲು. ವೇಣಿ ಗ್ಲೌಸ್ ತೆಗೆದು ಮಂಡಿಯೂರಿ ಕೂತಳು. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಗಿತ್ತು. ಸ್ಕ್ರೂಡ್ರೈವರ್ ತರಲು ಕಾರಿನ ಕಡೆ ಓಡಿದೆ.