ಸರೋವರಕ್ಕೆ ಉಸಿರುಗಟ್ಟಿದಾಗ

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಚಿಪ್ಪಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಸ್ವಂತ ಅಣ್ಣ, ಕೇಂದ್ರದ ದೋಣಿ ನಡೆಸುವವನು. ಸರೋವರದ ತಳದ ಕಪ್ಪೆಚಿಪ್ಪುಗಳ ಹಿಂದೆ ಬಿದ್ದು ತಂಗಿಯ ಅರ್ಧ ಆಯಸ್ಸು ಕಳೆದಿತ್ತು. ಅಂಗೈಯಷ್ಟು ಅಗಲದ, ಒದ್ದೆಯಾದಾಗ ಹಸಿರಾಗಿ ಮಿಂಚುವ ಆ ಜಾತಿ ಬೇರೆಲ್ಲೂ ಇರಲಿಲ್ಲ.

"ಮಾತಾಡಲ್ಲ, ಎಲ್ಲಿಗೂ ಹೋಗಲ್ಲ, ಊಟಕ್ಕೆ ಅದು ಬೇಕು ಇದು ಬೇಕು ಅನ್ನಲ್ಲ. ಇಂಥ ಗಂಡು ಸಿಕ್ಕಿದ್ರೆ ನಿನ್ನ ಮದುವೆ ಯಾವತ್ತೋ ಆಗಿರೋದು," ಎಂದು ಅಣ್ಣ ರೇಗಿಸುತ್ತಿದ್ದ.

ದಂಡೆಯ ಮೇಲೆ ಗೋಡೆಯಂತೆ ನಿಂತ ಕಡಿದಾದ ಮಣ್ಣಿನ ದರೆಯಲ್ಲಿ ಅದೇ ಜಾತಿಯ ಪಳೆಯುಳಿಕೆಗಳಿದ್ದವು. ಲಕ್ಷಾಂತರ ವರ್ಷಗಳ ಹಿಂದೆ ನೀರು ಅಷ್ಟೆತ್ತರಕ್ಕೆ ನಿಂತಿತ್ತು. ದರೆಯ ನಡುವೆ ಒಂದು ಕಪ್ಪು ಪಟ್ಟಿ. ಅದರೊಳಗೆ ಸಾವಿರಾರು ಚಿಪ್ಪುಗಳು, ಎರಡೂ ಹೋಳು ಕೂಡಿಕೊಂಡೇ, ಒತ್ತೊತ್ತಾಗಿ ಬಿದ್ದಿದ್ದವು. ಅಲೆ ತಂದು ಹಾಕಿದವಾಗಿದ್ದರೆ ಹೋಳುಗಳು ಬೇರೆಯಾಗಿ ಅಂಚು ಸವೆದಿರುತ್ತಿತ್ತು. ಇವು ಇದ್ದಲ್ಲೇ ಒಟ್ಟಿಗೆ ಸತ್ತಿದ್ದವು. ಕಾರಣ ಕಂಡುಹಿಡಿದವಳು ಚಿಪ್ಪಮ್ಮನೇ: ಗಾಳಿ ಬೀಸದ ಯಾವುದೋ ಬೇಸಿಗೆಯಲ್ಲಿ ಮೇಲಿನ ಬಿಸಿನೀರು ಮುಚ್ಚಳದಂತೆ ಕೂತು, ತಳಕ್ಕೆ ಆಮ್ಲಜನಕ ಇಳಿಯದೆ ಹೋಗಿತ್ತು.

ಈ ಸಲದ ಬೇಸಿಗೆಯಲ್ಲೂ ಗಾಳಿ ನಿಂತುಹೋಯಿತು. ಒಂದು ಎಲೆಯೂ ಅಲುಗಲಿಲ್ಲ. ಅವಳು ದೋಣಿಯಿಂದ ಆಮ್ಲಜನಕದ ಮಾಪಕವನ್ನು ಹಗ್ಗ ಕಟ್ಟಿ ಇಳಿಬಿಟ್ಟಳು. ಆಳಕ್ಕೆ ಹೋದಂತೆ ಅಂಕಿ ಇಳಿಯುತ್ತ ಬಂದು ತಳದಲ್ಲಿ ಸೊನ್ನೆಗೆ ನಿಂತಿತು. ಮಾಪಕ ಕೆಟ್ಟಿರಬೇಕೆಂದು ಇನ್ನೊಂದನ್ನು ಇಳಿಸಿದಳು. ಅದೂ ಅಷ್ಟೇ. ದರೆಯನ್ನು ಓದಿದವಳಿಗೆ ಮುಂದಿನದನ್ನು ಯಾರೂ ಹೇಳಬೇಕಿರಲಿಲ್ಲ.

"ಯಾಕೇ, ಮುಖ ಹಾಗಾಯ್ತು?" ಅಣ್ಣ ಕೇಳಿದ.

"ಕೆಳಗೆ ಉಸಿರಾಡೋಕೆ ಏನೂ ಉಳಿದಿಲ್ಲ ಅಣ್ಣಾ."

"ಮೋಟಾರು ಹಾಕಿ ಕಲಕಿದ್ರೆ?"

"ಇಷ್ಟು ನೀರನ್ನ ನಿನ್ನ ದೋಣಿ ಕಲಕುತ್ತಾ?"

ಆದರೂ ಅವನು ಸಂಜೆಯವರೆಗೆ ಸುತ್ತು ಹೊಡೆದ. ಹಿಂದೆ ಎದ್ದ ನೊರೆ ಅವನು ತಿರುಗಿ ನೋಡುವಷ್ಟರಲ್ಲಿ ಅಳಿಸಿಹೋಗುತ್ತಿತ್ತು.

ನೀರಿಗೆ ಗಾಳಿ ಊದುವ ದೊಡ್ಡ ಯಂತ್ರ ಬೇಕೆಂದು ಅವಳು ಕೇಂದ್ರದ ಮುಖ್ಯಸ್ಥರನ್ನು ಕೇಳಿಕೊಂಡಳು. ಅವರು ಕೆಟ್ಟವರಲ್ಲ, ಅವಳೆದುರೇ ನಾಲ್ಕು ಕಡೆ ಫೋನ್ ಮಾಡಿದರು. "ಬರೋಕೆ ತಿಂಗಳಾಗುತ್ತಂತಮ್ಮ. ಬಂದ್ರೂ ಒಂದು ಮೂಲೆಗೆ ಸಾಕಾಗುತ್ತೆ ಅಷ್ಟೇ. ನಾನೇನು ಮಾಡ್ಲಿ, ನೀನೇ ಹೇಳು," ಎಂದರು.

ಉಳಿದಿದ್ದು ಒಂದೇ ದಾರಿ. ಅಣ್ಣ ಉದ್ದ ಹಿಡಿಯ ಬಲೆಯಿಂದ ತಳ ಬಾಚಿದ. ಅವಳು ಬಕೆಟ್ಟುಗಳಲ್ಲಿ ಚಿಪ್ಪು ಹೊತ್ತು ಪ್ರಯೋಗಾಲಯದ ಗಾಜಿನ ತೊಟ್ಟಿಗಳಿಗೆ ಹಾಕಿದಳು. ಅವು ತುಂಬಿದ ಮೇಲೆ ಬಟ್ಟೆ ನೆನೆಸುವ ಟಬ್ಬುಗಳು ಬಂದವು, ಆಮೇಲೆ ಅತ್ತಿಗೆಯ ದೊಡ್ಡ ಪಾತ್ರೆಗಳು. "ಅಡುಗೆಗೆ ಅಂತ ಒಂದಾದ್ರೂ ಬಿಡಿ," ಎಂದು ಗೊಣಗುತ್ತಲೇ ಅತ್ತಿಗೆ ಎಲ್ಲವನ್ನೂ ಕೊಟ್ಟಳು.

ಬದುಕಿರುವ ಕಪ್ಪೆಚಿಪ್ಪು ಕೈ ತಾಗಿದರೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ; ಸತ್ತದ್ದು ಬಾಯಿ ಬಿಡುತ್ತದೆ. ಆದರೆ ಅದು ಬಾಯಿ ಬಿಡುವಷ್ಟರಲ್ಲಿ ಒಳಗೆ ಕೊಳೆತು ತೊಟ್ಟಿಯ ನೀರನ್ನೆಲ್ಲ ಕೆಡಿಸಿರುತ್ತದೆ. ಮುಚ್ಚಿದವುಗಳಲ್ಲಿ ಸಾಯಲು ಹೊರಟದ್ದು ಯಾವುದೆಂದು ತಿಳಿಯುವ ಉಪಾಯ ಅವಳಿಗೂ ಗೊತ್ತಿರಲಿಲ್ಲ. ಅಣ್ಣ ಇನ್ನೊಂದು ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಾಗ ಅವಳು ಬೇಡವೆಂದು ತಲೆಯಾಡಿಸಿದಳು.

"ಇನ್ನೂ ಹಾಕಿದ್ರೆ ಇರೋವೂ ಹೋಗ್ತವೆ."

"ಮತ್ತೆ ಇವನ್ನೇನು ಮಾಡ್ಲಿ?"

"ವಾಪಸ್ ಬಿಟ್ಟು ಬಾ."

"ಎಲ್ಲಿಗೇ? ಅಲ್ಲಿಗಾ?"

ಅವನು ಬಕೆಟ್ಟನ್ನು ಕೈಯಿಂದ ಕೈಗೆ ಬದಲಿಸುತ್ತ ಸ್ವಲ್ಪ ಹೊತ್ತು ನಿಂತಿದ್ದು, ಮೆಟ್ಟಿಲಿಳಿದು ಹೋದ.

ಒಂದು ಮಧ್ಯಾಹ್ನ ಕಿಟಕಿಗಳು ಬಡಿದುಕೊಂಡವು. ಅಣ್ಣ ಅಂಗಿ ಬಿಚ್ಚಿ ಬೀಸುತ್ತ "ಬಂತು ಕಣೇ, ಗಾಳಿ ಬಂತು!" ಎಂದು ದಂಡೆಯಲ್ಲಿ ಕುಣಿದ. ಗಾಳಿ ಈಗ ತಳದ ಕೆಟ್ಟ ನೀರನ್ನೂ ಮೇಲೆತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಅವನ ಖುಷಿಗೆ ಕಲ್ಲು ಹಾಕಲು ಮನಸ್ಸು ಬರಲಿಲ್ಲ. ಸಂಜೆಗೆ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಬೆಳಗಾಗುವಾಗ ದಂಡೆಯುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಸರೋವರದಲ್ಲಷ್ಟೇ ಇದ್ದ ಪುಟ್ಟ ಪಟ್ಟೆಮೀನುಗಳೂ ಅವುಗಳ ನಡುವೆ ಇದ್ದವು. ಅಣ್ಣ ಮತ್ತೆ ಅಂಗಿ ತೊಟ್ಟುಕೊಂಡು ದಿನವಿಡೀ ಅವನ್ನು ಬಾಚಿ ದಡಕ್ಕೆ ಹಾಕಿದ.

ತೊಟ್ಟಿಗಳಲ್ಲಿ ಉಳಿದುಕೊಂಡದ್ದು ಹನ್ನೊಂದು ಚಿಪ್ಪು.

ಮುಂದಿನ ವರ್ಷ ಅವುಗಳಲ್ಲೊಂದು ಮರಿ ಬಿಟ್ಟಿತು. ನೀರಿನಲ್ಲಿ ಹಾಲಿನ ಹನಿ ಬಿದ್ದಂತೆ ಬೆಳ್ಳಗೆ ಹರಡಿತು. ಅಣ್ಣ ಗಾಜಿಗೆ ಮೂಗು ತಾಗಿಸಿ, "ಇಷ್ಟೊಂದಾ! ಹಾಗಾದ್ರೆ ವಂಶ ಉಳೀತು ಬಿಡು," ಎಂದ.

"ಇವು ಪಟ್ಟೆಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೀಬೇಕು ಅಣ್ಣಾ."

ಅವನು ಗಾಜಿನಿಂದ ಹಿಂದೆ ಸರಿದ. ಆ ಮೀನು ಎಲ್ಲಾದರೂ ಉಳಿದಿದೆಯೇ ಎಂದು ಇಡೀ ವರ್ಷ ಪ್ರತಿ ಕೊಲ್ಲಿಗೂ ಬಲೆ ಹಾಕಿ ಹುಡುಕಿದವನು ಅವನೇ. ಒಂದು ಪಟ್ಟೆಮೀನೂ ಸಿಕ್ಕಿರಲಿಲ್ಲ.

"ಬೇರೆ ಮೀನು ಆಗಲ್ವಾ?"

"ಹಿಂದೆ ಒಂದ್ಸಲ ಬೇರೆ ಮೀನಿನ ತೊಟ್ಟೀಲಿ ಮರಿ ಹಾಕಿ ನೋಡಿದ್ದೆ. ಅಂಟಿಕೊಂಡು ಉದುರಿಹೋದ್ವು."

"ದೊಡ್ಡವಕ್ಕೆ ಎಷ್ಟು ಆಯಸ್ಸು?"

"ನಮ್ಮಿಬ್ಬರಿಗಿಂತ ಜಾಸ್ತಿ."

"ಅಲ್ಲೀತನಕ ಪ್ರತಿ ವರ್ಷ ಹೀಗೇನಾ?"

"ಹೀಗೇ."

ನೀರು ಸೋಸುವ ಪಂಪಿನೊಳಗೆ ಮರಿಗಳು ಸಿಕ್ಕಿಹಾಕಿಕೊಳ್ಳದಿರಲೆಂದು ಅವಳು ಅದನ್ನು ನಿಲ್ಲಿಸಿದಳು. ಹಾಗೆ ಮಾಡಿದರೂ ಅವು ಬದುಕುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಬೆಳ್ಳಗಿನ ಚುಕ್ಕೆಗಳು ನಿಧಾನವಾಗಿ ತಳಕ್ಕೆ ಇಳಿಯತೊಡಗಿದವು. ಅಣ್ಣ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.